ಮುಷ್ಟಿಯುದ್ಧದ ಕಣಕ್ಕಿಳಿದ ಚಿತ್ರನಟ

ಕ್ರೀಡೆಯಲ್ಲಿ ಹೆಸರು ಗಳಿಸಿದವನು ಮುಂದೆ ಚಿತ್ರನಟನಾಗುವುದು ಹೊಸ ಸಂಗತಿಯಲ್ಲ. ಒಲಿಂಪಿಕ್ಸಿನಲ್ಲಿ ಐದು ಚಿನ್ನದ ಪದಕಗಳನ್ನು ಗೆದ್ದ ಈಜುಗಾರ ಜಾನಿ ವೈಸ್‌ಮುಲ್ಲರ್ ಅವರು ಟಾರ್ಜಾನನ ಪಾತ್ರದಿಂದ ಬೆಳ್ಳಿತೆರೆಯ ಮೇಲೆ ಮೆರೆದರು. ನಮ್ಮ ದೇಶದ ದಾರಾ ಸಿಂಗ್ ಅವರು ಕುಸ್ತಿಯ ಕಣದಿಂದ ಚಿತ್ರರಂಗಕ್ಕೆ ಬಂದು ಎರಡರಲ್ಲಿಯೂ ಕೀರ್ತಿವಂತರಾದರು. ಆದರೆ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದವರು, ಎಂದರೆ ಚಿತ್ರರಂಗದಲ್ಲಿ ಪ್ರಸಿದ್ಧರಾದ ಮೇಲೆ, ಯೌವನವು ಹಿಂದೆ ಸರಿಯುತ್ತಿರುವ ವಯಸ್ಸಿನಲ್ಲಿ, ಹಣಕ್ಕಾಗಿ ಹೋರಾಡುವ ವೃತ್ತಿ ಮುಷ್ಟಿಯುದ್ಧಕ್ಕೆ ಇಳಿದವರು ಬಹು ವಿರಳ. ಅಂಥವರಲ್ಲಿ ಎಲ್ಲರಿಗಿಂತ ಹೆಸರಾದವರು ಅಮೆರಿಕದ ನಟ ಮಿಕಿ ರೂರ್ಕ್.

ರೂರ್ಕ್ ಅವರು ಹುಟ್ಟಿದ್ದು 1952ರ ಸೆಪ್ಟೆಂಬರಿನಲ್ಲಿ. ಹದಿಹರೆಯದಲ್ಲಿ ಮಯಾಮಿ ನಗರದಲ್ಲಿ ಹವ್ಯಾಸಿಯಾಗಿ ಮುಷ್ಟಿಯುದ್ಧವನ್ನು ಕಲಿತರು. ತಲೆಗೆ ಪೆಟ್ಟುಗಳು ಬಿದ್ದುದರಿಂದ 1971ರ ಸುಮಾರಿಗೆ ಅದನ್ನು ಬಿಟ್ಟು ನಟನೆಯ ಕಡೆಗೆ ತಿರುಗಿದರು. 1980ರ ದಶಕದಲ್ಲಿ 'ಡೈನರ್', 'ಬಾರ್‌ಫ್ಲೈ' ಮೊದಲಾದ ಚಿತ್ರಗಳಿಂದ ಅವರ ಕೀರ್ತಿ ಹಬ್ಬಿತು. 1988ರ 'ಹೋಮ್‌ಬಾಯ್' ಎಂಬ ಚಿತ್ರದಲ್ಲಿ ಅವರು ವಹಿಸಿದ್ದು ಒಬ್ಬ ಮುಷ್ಟಿಮಲ್ಲನ ಪಾತ್ರವನ್ನೇ. ಮೂರು ವರ್ಷಗಳ ತರುವಾಯ ಪಾತ್ರವು ನಿಜವಾಯಿತು. 1991ರ ಮೇ 23ರಂದು, ತಮ್ಮ 38ನೆಯ ವಯಸ್ಸಿನಲ್ಲಿ, ಫ್ಲಾರಿಡಾ ರಾಜ್ಯದ ಫೋರ್ಟ್ ಲಾಡರ್‌ಡೇಲಿನಲ್ಲಿ ಅವರು ತಮ್ಮ ಮೊದಲ ವೃತ್ತಿ ಪಂದ್ಯವನ್ನು ಆಡಿ ಗೆದ್ದರು. 1994ರ ಸೆಪ್ಟೆಂಬರಿನವರೆಗೆ ಒಟ್ಟು 8 ಪಂದ್ಯಗಳಾದುವು. ಅವುಗಳಲ್ಲಿ 6 ಗೆಲುವು, 2 ಸಮ. ಸೋಲು ಒಂದೂ ಇಲ್ಲ. ವಿಶ್ವಪದವಿಗಾಗಿ ಒಂದು ಪಂದ್ಯವನ್ನು ಆಡಬೇಕೆಂಬ ಹಂಬಲವಿದ್ದಿತು, ಅದು ಕೈಗೂಡಲಿಲ್ಲ. 42 ವರ್ಷ ತುಂಬುವ ಹೊತ್ತಿಗೆ ಅವರು ಕಣವನ್ನು ಬಿಟ್ಟರು.

ಸೋಲನ್ನೇ ಕಾಣದ ಮಲ್ಲನೊಬ್ಬನು ಕಣವನ್ನು ಬಿಟ್ಟದ್ದೇಕೆ? ಇನ್ನೂ ಕೆಲವು ವರ್ಷ ಮುಂದುವರಿದಿದ್ದರೆ ಅವರಿಗೆ ವಿಶ್ವಪದವಿ ದೊರೆಯುತ್ತಿದ್ದಿತೆ? ನಡುವಯಸ್ಸಿನ ನಟನೊಬ್ಬನಿಗೆ ಈ ವೃತ್ತಿಯಲ್ಲಿ ನಿಜವಾಗಿ ಎಷ್ಟರಮಟ್ಟಿನ ಭವಿಷ್ಯವುಂಟು? ಈ ಪ್ರಶ್ನೆಗಳಿಗೆ ಭೌತವಿಜ್ಞಾನವೂ ಶರೀರವಿಜ್ಞಾನವೂ ಕೂಡಿ ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುತ್ತವೆ. ಆ ಉತ್ತರವನ್ನು ಹಂತಹಂತವಾಗಿ ವಿಚಾರಿಸೋಣ.

ಗೆಲುವಿನ ಪಟ್ಟಿಯ ಬೆಲೆ

ಮೊದಲು ಆ ಎಂಟು ಪಂದ್ಯಗಳ ಫಲವನ್ನೇ ತೆಗೆದುಕೊಳ್ಳೋಣ. ಪಂದ್ಯವೊಂದರಲ್ಲಿ ಇಬ್ಬರೂ ಸಮಬಲರಾಗಿದ್ದು, ಸೋಲುವ ಸಂಭವವೂ ಸೋಲದಿರುವ ಸಂಭವವೂ ಸಮಾನವೆಂದು ಭಾವಿಸೋಣ. ಹಾಗಿದ್ದರೆ ಎಂಟು ಪಂದ್ಯಗಳಲ್ಲಿಯೂ ಸೋಲದಿರುವ ಸಂಭವವು ಎರಡರಲ್ಲೊಂದು ಎಂಬುದನ್ನು ಎಂಟು ಸಲ ಗುಣಿಸಿದಷ್ಟು, ಎಂದರೆ 256ರಲ್ಲಿ ಒಂದು. ಪ್ರತಿ ಪಂದ್ಯದಲ್ಲಿಯೂ ಸೋಲದಿರುವ ಸಂಭವ ಹತ್ತರಲ್ಲಿ ಒಂಬತ್ತು ಆಗಿದ್ದರೆ ಎಂಟೂ ಪಂದ್ಯಗಳನ್ನು ಸೋಲದೆ ಮುಗಿಸುವ ಸಂಭವವು ನೂರರಲ್ಲಿ 43ರಷ್ಟಾಗುತ್ತದೆ. ಆದಕಾರಣ ಸೋಲಿಲ್ಲದ ಪಟ್ಟಿಯೊಂದನ್ನು ಕಂಡಾಗ ಎರಡು ಊಹೆಗಳಿಗೆ ಅವಕಾಶವಿದೆ: ಮಲ್ಲನು ಅಸಾಧಾರಣನಾಗಿರಬೇಕು, ಇಲ್ಲವೆ ಎದುರಾಳಿಗಳು ಸಾಧಾರಣರಾಗಿರಬೇಕು. ಪಟ್ಟಿಯು ತಾನಾಗಿ ಇವೆರಡರಲ್ಲಿ ಯಾವುದು ಸರಿಯೆಂದು ಹೇಳಲಾರದು.

ವೃತ್ತಿ ಮುಷ್ಟಿಯುದ್ಧದಲ್ಲಿ ಎದುರಾಳಿಯನ್ನು ಆರಿಸುವವರು ಪಂದ್ಯವನ್ನು ಏರ್ಪಡಿಸುವ ವ್ಯವಹಾರಸ್ಥರು. ಹೊಸಬನಿಗೆ ಮೊದಲು ದುರ್ಬಲರಾದ ಎದುರಾಳಿಗಳನ್ನು ಕೊಟ್ಟು ಬೆಳೆಸುವುದು ಅಲ್ಲಿನ ವಾಡಿಕೆ. ಪ್ರಸಿದ್ಧ ನಟನಾದರೆ ಅವನ ಹೆಸರಿಗೇ ಜನ ಸೇರುವುದರಿಂದ ಈ ಎಚ್ಚರಿಕೆಯು ಇನ್ನೂ ಹೆಚ್ಚು. ರೂರ್ಕ್ ಅವರ ಎದುರಾಳಿಗಳಲ್ಲಿ ವಿಶ್ವಪದವಿಗೆ ಸ್ಪರ್ಧಿಸುವ ಮಟ್ಟದವರು ಯಾರೂ ಇರಲಿಲ್ಲ. ಪಂದ್ಯದ ಅವಧಿಯನ್ನೂ ಗಮನಿಸಬೇಕು. ಅವರ ಮೊದಲ ಪಂದ್ಯ ನಾಲ್ಕು ಸುತ್ತುಗಳದು. ಕೊನೆಯದೂ ನಾಲ್ಕೇ ಸುತ್ತುಗಳದು. ಸುತ್ತು ಒಂದಕ್ಕೆ 3 ನಿಮಿಷದಂತೆ ಇದು 12 ನಿಮಿಷಗಳ ಹೋರಾಟ. ವಿಶ್ವಪದವಿಯ ಪಂದ್ಯಕ್ಕೆ 12 ಸುತ್ತುಗಳು, ಎಂದರೆ 36 ನಿಮಿಷಗಳು. ಹೀಗಿರುವುದರಿಂದ ಗೆಲುವುಗಳನ್ನು ಎಣಿಸುವುದನ್ನು ಬಿಟ್ಟು, ಆ ಕಣದಲ್ಲಿ ದೇಹವು ಎದುರಿಸಬೇಕಾದುದು ಏನೆಂಬುದನ್ನು ಅಳೆದು ನೋಡುವುದು ಉತ್ತಮ.

ಒಂದು ಗುದ್ದಿನ ಅಳತೆ

ಚಲನಚಿತ್ರದ ಹೊಡೆದಾಟದಲ್ಲಿ ನಾಯಕನ ಮುಷ್ಟಿಯು ಖಳನ ದವಡೆಯಿಂದ ಒಂದು ಗೇಣು ದೂರದಲ್ಲಿಯೇ ಹಾದು ಹೋಗುತ್ತದೆ. ಕ್ಯಾಮರಾ ಇರುವ ಕೋನದಿಂದ ನೋಡಿದಾಗ ಆ ಅಂತರವು ಕಾಣುವುದಿಲ್ಲ. ಸದ್ದನ್ನು ಆಮೇಲೆ ಸೇರಿಸುತ್ತಾರೆ. ನಿಜವಾದ ಗುದ್ದು ಎಂಥದೆಂಬುದನ್ನು ಬ್ರಿಟನ್ನಿನ ವಿಜ್ಞಾನಿಗಳು ಅಳೆದು 1985ರಲ್ಲಿ ಪ್ರಕಟಿಸಿದರು. ಆಗ ಹೆವಿವೇಟ್ ತರಗತಿಯ ಶ್ರೇಷ್ಠರಲ್ಲಿ ಒಬ್ಬರಾಗಿದ್ದ ಫ್ರಾಂಕ್ ಬ್ರೂನೋ ಅವರಿಂದ ಅಳತೆಯ ಉಪಕರಣವನ್ನು ಅಳವಡಿಸಿದ ಗುರಿಯೊಂದನ್ನು ಗುದ್ದಿಸಲಾಯಿತು. ಅವರ ಮುಷ್ಟಿಯು 0.49 ಮೀಟರು ದೂರವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ದಾಟಿತು. ಗುರಿಯನ್ನು ಮುಟ್ಟಿದಾಗ ಅದರ ವೇಗ ಸೆಕೆಂಡಿಗೆ 8.9 ಮೀಟರು. ಅದು ಹಾಕಿದ ಗರಿಷ್ಠ ಬಲ 4,096 ನ್ಯೂಟನ್.

ಈ ಸಂಖ್ಯೆಯನ್ನು ನಮಗೆ ಪರಿಚಿತವಾದ ತೂಕಕ್ಕೆ ಇಳಿಸೋಣ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿಗಳ ನಮ್ಮ ಸೀಮೆಯಲ್ಲಿ ಸಿಮೆಂಟಿನ ಚೀಲವನ್ನು ನೋಡದವರಿಲ್ಲ. ಒಂದು ಚೀಲದ ದ್ರವ್ಯರಾಶಿ 50 ಕಿಲೋಗ್ರಾಂ. ಒಂದರ ಮೇಲೊಂದು ಎಂಟು ಚೀಲಗಳನ್ನು ಹೇರಿದರೆ ಕೆಳಗೆ ಬೀಳುವ ಭಾರವು ಸುಮಾರು ಈ 4,096 ನ್ಯೂಟನ್ನುಗಳಷ್ಟು. ಅಷ್ಟು ಭಾರವು ಮನುಷ್ಯನ ದವಡೆಯ ಮೇಲೆ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಮೆ ಕಾಲದಲ್ಲಿ ಬಂದು ಹೋಗುತ್ತದೆಯೆಂದು ಊಹಿಸಿಕೊಳ್ಳಿರಿ.

ಈ ಬಲವು ಎಲ್ಲಿಂದ ಬಂದಿತು? ನ್ಯೂಟನ್ನನ ಎರಡನೆಯ ನಿಯಮವನ್ನು ಓದಿದ ವಿದ್ಯಾರ್ಥಿಯು ಇದನ್ನು ತಾನೇ ಲೆಕ್ಕಹಾಕಬಹುದು. ಗುದ್ದುವಾಗ ಮುಷ್ಟಿಯೊಡನೆ ಮುಂಗೈಯೂ ತೋಳಿನ ಭಾಗವೂ ಚಲಿಸುವುದರಿಂದ, ಘರ್ಷಣೆಯಲ್ಲಿ ಪಾಲುಗೊಳ್ಳುವ ದ್ರವ್ಯರಾಶಿಯು ಸುಮಾರು 3 ಕಿಲೋಗ್ರಾಂ ಎನ್ನಬಹುದು. ವೇಗವು ಸೆಕೆಂಡಿಗೆ 9 ಮೀಟರು ಆದರೆ ಸಂವೇಗವು 27 ಮಾನಗಳು. ಈ ಸಂವೇಗವು ಸೆಕೆಂಡಿನ ಸಾವಿರದ 14 ಭಾಗಗಳಷ್ಟು ಕಾಲದಲ್ಲಿ ಲಯವಾದರೆ ಸರಾಸರಿ ಬಲವು ಸುಮಾರು 1,900 ನ್ಯೂಟನ್. ಬಲವು ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುವುದರಿಂದ ಗರಿಷ್ಠ ಬಲವು ಸರಾಸರಿಯ ಎರಡರಷ್ಟು. ಇದು ಮೇಲೆ ಹೇಳಿದ ಅಳತೆಗೆ ಹೊಂದುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಗುದ್ದಿನ ಚಲನಶಕ್ತಿಯು ಸುಮಾರು 120 ಜೌಲ್ ಮಾತ್ರ. ಸಿಮೆಂಟಿನ ಒಂದು ಚೀಲವನ್ನು ಒಂದು ಗೇಣಿಗಿಂತ ತುಸು ಮೇಲಕ್ಕೆ ಎತ್ತಲು ಅಷ್ಟೇ ಶಕ್ತಿ ಸಾಕು. ಕೂಲಿಕಾರನು ದಿನಕ್ಕೆ ನೂರಾರು ಸಲ ಇದಕ್ಕಿಂತ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತಾನೆ. ಗುದ್ದಿನ ಉಗ್ರತೆಗೆ ಕಾರಣ ಅದರ ಶಕ್ತಿಯಲ್ಲ, ಆ ಶಕ್ತಿಯನ್ನು ಒಪ್ಪಿಸುವ ಕಾಲದ ಅಲ್ಪತೆ. ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವುದನ್ನು ನೋಡಿದವರು ಸ್ಪ್ರಿಂಗ್ ಇರುವ ಬಫರುಗಳ ಕೆಲಸವನ್ನು ಬಲ್ಲರು. ಬಫರು ಡಬ್ಬಿಯ ಸಂವೇಗವನ್ನು ಕಡಮೆ ಮಾಡುವುದಿಲ್ಲ. ಅದು ಲಯವಾಗುವ ಕಾಲವನ್ನು ದೀರ್ಘಗೊಳಿಸಿ ಬಲವನ್ನು ತಗ್ಗಿಸುತ್ತದೆ. ಮುಷ್ಟಿಮಲ್ಲರು ತೊಡುವ ಮೆತ್ತನೆಯ ಕೈಗವಸೂ ಇಂಥ ಒಂದು ಬಫರೇ. ಆದರೆ ಅದು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಬೆರಳೆಲುಬುಗಳನ್ನೂ ಹೊಡೆಸಿಕೊಳ್ಳುವವನ ಚರ್ಮವನ್ನೂ. ಕೈ ಮುರಿಯುವ ಭಯವಿಲ್ಲದ್ದರಿಂದ ಎದುರಾಳಿಯ ತಲೆಗೆ ಪೂರ್ಣ ಬಲದಿಂದ, ಮತ್ತೆ ಮತ್ತೆ, ಗುದ್ದಲು ಸಾಧ್ಯವಾಗುತ್ತದೆ.

ಸೆಕೆಂಡಿನ ಹತ್ತನೆಯ ಒಂದು ಭಾಗ

ಇಂಥ ಗುದ್ದಿನಿಂದ ತಪ್ಪಿಸಿಕೊಳ್ಳುವ ಬಗೆ ಯಾವುದು? ಒಂದು ಸರಳವಾದ ಪ್ರಯೋಗವನ್ನು ಮಾಡಿರಿ. ಒಂದು ಅಡಿಯ ಅಳತೆಪಟ್ಟಿಯನ್ನು ಗೆಳೆಯನೊಬ್ಬನು ಲಂಬವಾಗಿ ಹಿಡಿದುಕೊಳ್ಳಲಿ. ಅದರ ಕೆಳತುದಿಯ ಇಕ್ಕೆಲಗಳಲ್ಲಿ ನಿಮ್ಮ ಹೆಬ್ಬೆರಳನ್ನೂ ತೋರುಬೆರಳನ್ನೂ ಮುಟ್ಟಿಸದೆ ಇರಿಸಿರಿ. ಅವನು ಮುನ್ಸೂಚನೆ ಕೊಡದೆ ಪಟ್ಟಿಯನ್ನು ಬಿಟ್ಟಾಗ ನೀವು ಅದನ್ನು ಹಿಡಿಯಬೇಕು. ಬಹು ಮಂದಿಗೆ ಅದು ಸುಮಾರು 20 ಸೆಂಟಿಮೀಟರು ಜಾರಿದ ಮೇಲೆ ಸಿಕ್ಕುತ್ತದೆ. ನಿರಾಧಾರವಾದ ವಸ್ತುವು 20 ಸೆಂಟಿಮೀಟರು ಬೀಳಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಹತ್ತನೆಯ ಎರಡು ಭಾಗ. ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ, ನರಗಳ ಮೂಲಕ ಸ್ನಾಯುವಿಗೆ ಆಜ್ಞೆಯನ್ನು ಕಳಿಸಲು ಬೇಕಾದ ಕಾಲವೇ ಇದು. ಇದಕ್ಕೆ ಪ್ರತಿಕ್ರಿಯಾಕಾಲವೆಂದು ಹೆಸರು.

ಗುದ್ದು ಬರಲು ಬೇಕಾದ ಕಾಲ ಸೆಕೆಂಡಿನ ಹತ್ತನೆಯ ಒಂದು ಭಾಗ. ಅದಕ್ಕೆ ಉತ್ತರ ಕೊಡಲು ಬೇಕಾದುದು ಅದರ ಎರಡರಷ್ಟು. ಆದಕಾರಣ ಹೊರಟ ಮುಷ್ಟಿಯನ್ನು ನೋಡಿ ತಪ್ಪಿಸಿಕೊಳ್ಳುವುದು ಯಾವ ವಯಸ್ಸಿನ ಮಲ್ಲನಿಗೂ ಅಸಾಧ್ಯ! ಹಾಗಾದರೆ ನುರಿತ ಮಲ್ಲರು ತಪ್ಪಿಸಿಕೊಳ್ಳುವುದು ಹೇಗೆ? ಅವರು ಮುಷ್ಟಿಯನ್ನು ನೋಡುವುದಿಲ್ಲ. ಮುಷ್ಟಿಯು ಹೊರಡುವ ಮುನ್ನ ಎದುರಾಳಿಯ ಪಾದವು ತುಸು ತಿರುಗುತ್ತದೆ, ಸೊಂಟ ಹೊರಳುತ್ತದೆ, ಹೆಗಲು ತಗ್ಗುತ್ತದೆ. ಈ ಸಣ್ಣ ಸೂಚನೆಗಳನ್ನು ಓದಿ ಗುದ್ದನ್ನು ಅವರು ಮುಂಚಿತವಾಗಿಯೇ ಊಹಿಸುತ್ತಾರೆ. ಈ ಓದುವ ವಿದ್ಯೆಯು ಬಾಲ್ಯ ಯೌವನಗಳಲ್ಲಿ ಸಾವಿರಾರು ಗಂಟೆಗಳ ಅಭ್ಯಾಸದಿಂದ ಬರತಕ್ಕದ್ದು.

ಇಲ್ಲಿ ವಯಸ್ಸು ಎರಡು ವಿಧದಲ್ಲಿ ಲೆಕ್ಕಕ್ಕೆ ಬರುತ್ತದೆ. ನಡುವಯಸ್ಸಿನ ತರುವಾಯ ಪ್ರತಿಕ್ರಿಯಾಕಾಲವು ಮೆಲ್ಲಮೆಲ್ಲನೆ ದೀರ್ಘವಾಗುತ್ತದೆ. ಹಲವು ಸಾಧ್ಯತೆಗಳಲ್ಲಿ ಒಂದನ್ನು ಆರಿಸಿ ಉತ್ತರ ಕೊಡಬೇಕಾದಾಗ ಈ ವಿಳಂಬವು ಇನ್ನೂ ಹೆಚ್ಚು. ಈ ವ್ಯತ್ಯಾಸವು ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರವೆಂದು ಇಟ್ಟುಕೊಳ್ಳಿರಿ. ಸೆಕೆಂಡಿಗೆ 9 ಮೀಟರು ವೇಗದ ಮುಷ್ಟಿಯು ಅಷ್ಟು ಕಾಲದಲ್ಲಿ 9 ಸೆಂಟಿಮೀಟರು ಮುಂದುವರಿಯುತ್ತದೆ. ಅದು ಹೆಚ್ಚುಕಡಮೆ ಒಂದು ಅಂಗೈಯಗಲ. ಕೆನ್ನೆಯನ್ನು ಸವರಿಕೊಂಡು ಹೋಗುವ ಗುದ್ದಿಗೂ ದವಡೆಗೆ ನಾಟುವ ಗುದ್ದಿಗೂ ಇರುವ ಅಂತರ ಇಷ್ಟೇ. ನಿತ್ಯಜೀವನದಲ್ಲಿ ನಾವು ಗುರುತಿಸಲೂ ಆಗದ ವಿಳಂಬವು ಕಣದಲ್ಲಿ ಸೋಲು ಗೆಲುವುಗಳನ್ನು ನಿರ್ಣಯಿಸುತ್ತದೆ. ಎರಡನೆಯದು ಅಭ್ಯಾಸದ ಮಾತು. ರೂರ್ಕ್ ಅವರು ಹದಿಹರೆಯದಲ್ಲಿ ಕಲಿತದ್ದಕ್ಕೂ 38ರಲ್ಲಿ ಕಣಕ್ಕಿಳಿದದ್ದಕ್ಕೂ ನಡುವೆ ಇಪ್ಪತ್ತು ವರ್ಷಗಳ ಬಿಡುವಿದ್ದಿತು. ಮಲ್ಲನು ಪಕ್ವನಾಗುವ ವರ್ಷಗಳೆಂದರೆ ಅವೇ.

ಉಳಿಯುವ ಬಲ, ಹೋಗುವ ಚುರುಕು

ವಯಸ್ಸಾದವನು ಬಲಹೀನನಾಗುತ್ತಾನೆಂಬುದು ಪೂರ್ತಿ ನಿಜವಲ್ಲ. ಅಂಗಸಾಧನೆಯನ್ನು ಬಿಡದವನ ಬಲವು 40ರ ಆಚೆಗೂ ಬಹುಮಟ್ಟಿಗೆ ಉಳಿಯುತ್ತದೆ. ಮೊದಲು ಹೋಗುವುದು ಬಲವನ್ನು ಥಟ್ಟನೆ ಪ್ರಯೋಗಿಸುವ ಸಾಮರ್ಥ್ಯ. ನಮ್ಮ ಸ್ನಾಯುಗಳಲ್ಲಿ ನಿಧಾನವಾಗಿ ಸಂಕುಚಿಸುವ ತಂತುಗಳೂ ಶೀಘ್ರವಾಗಿ ಸಂಕುಚಿಸುವ ತಂತುಗಳೂ ಇರುತ್ತವೆ. ವಯಸ್ಸಿನೊಡನೆ ಹೆಚ್ಚಾಗಿ ಕ್ಷಯಿಸುವುವು ಎರಡನೆಯವು. ಗುದ್ದಿನ ವೇಗಕ್ಕೆ ಆಧಾರವೂ ಅವೇ. ಹೃದಯವೂ ವಯಸ್ಸಿಗೆ ಮಣಿಯುತ್ತದೆ. ನಿಮಿಷಕ್ಕೆ ಹೃದಯದ ಗರಿಷ್ಠ ಬಡಿತವು 220ರಿಂದ ವಯಸ್ಸನ್ನು ಕಳೆದಷ್ಟು ಎಂಬ ಸ್ಥೂಲವಾದ ನಿಯಮವೊಂದುಂಟು. ಅದರಂತೆ 20ರ ಯುವಕನಿಗೆ 200, 40ರವನಿಗೆ 180, 60ರವನಿಗೆ 160. ಸ್ನಾಯುಗಳಿಗೆ ಆಮ್ಲಜನಕವನ್ನು ಒಯ್ಯುವ ಪಂಪಿನ ಸಾಮರ್ಥ್ಯವೇ ಇಳಿದ ಮೇಲೆ ಸುತ್ತಿನಿಂದ ಸುತ್ತಿಗೆ ದಣಿವು ಹೆಚ್ಚುವುದು ಸಹಜ.

ವೃತ್ತಿಮಲ್ಲರ ಇತಿಹಾಸವು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮುಹಮ್ಮದ್ ಅಲಿ ಅವರು 1980ರ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಅವರನ್ನು ಎದುರಿಸಿದಾಗ ಅವರಿಗೆ 38 ವರ್ಷ. ರೂರ್ಕ್ ಅವರು ವೃತ್ತಿಗೆ ಇಳಿದ ವಯಸ್ಸೂ ಇದೇ. ಮೂರು ಸಲ ವಿಶ್ವಪದವಿಯನ್ನು ಪಡೆದಿದ್ದ ಆ ಮಹಾಮಲ್ಲನು ಹತ್ತು ಸುತ್ತುಗಳ ಕಾಲ ಪೆಟ್ಟು ತಿಂದ ಮೇಲೆ ಅವರ ಕಡೆಯವರೇ ಪಂದ್ಯವನ್ನು ನಿಲ್ಲಿಸಬೇಕಾಯಿತು. ಇದಕ್ಕೆ ಅಪವಾದಗಳೂ ಇವೆ. ಜಾರ್ಜ್ ಫೋರ್‌ಮನ್ ಅವರು 1994ರ ನವೆಂಬರ್ 5ರಂದು, 45ನೆಯ ವಯಸ್ಸಿನಲ್ಲಿ, 26 ವರ್ಷದ ಮೈಕೆಲ್ ಮೂರರ್ ಅವರನ್ನು ಹತ್ತನೆಯ ಸುತ್ತಿನಲ್ಲಿ ಕೆಡವಿ ಹೆವಿವೇಟ್ ಪದವಿಯನ್ನು ಮರಳಿ ಪಡೆದರು. ಬರ್ನಾರ್ಡ್ ಹಾಪ್ಕಿನ್ಸ್ ಅವರು 2011ರಲ್ಲಿ 46ನೆಯ ವಯಸ್ಸಿನಲ್ಲಿ ವಿಶ್ವಪದವಿಯನ್ನು ಗೆದ್ದರು.

ಈ ಅಪವಾದಗಳು ನಟನಿಗೂ ಆಸೆ ಹುಟ್ಟಿಸುವಂತಿವೆ. ಆದರೆ ಅವುಗಳ ಮರ್ಮವನ್ನು ತಿಳಿಯಬೇಕು. ಫೋರ್‌ಮನ್ ಅವರು 1968ರ ಒಲಿಂಪಿಕ್ಸಿನಲ್ಲಿ ಚಿನ್ನವನ್ನೂ 1973ರಲ್ಲಿ ವಿಶ್ವಪದವಿಯನ್ನೂ ಗೆದ್ದವರು. ಯೌವನದಲ್ಲಿ ಕೂಡಿಟ್ಟ ವಿದ್ಯೆಯನ್ನು ಅವರು ಮುಪ್ಪಿನಲ್ಲಿ ಖರ್ಚು ಮಾಡಿದರು. ಕಾಲ್ಚಳಕವನ್ನು ಮಿತಗೊಳಿಸಿ, ಗುದ್ದುಗಳನ್ನು ಸಹಿಸಿಕೊಂಡು, ಉಳಿದಿದ್ದ ಬಲವನ್ನು ಪ್ರಯೋಗಿಸಲು ಒಂದು ಅವಕಾಶಕ್ಕಾಗಿ ಕಾದರು. ಅಂಕಗಳ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾಗಲೇ ಅವರು ಗೆದ್ದದ್ದು. ಹಾಪ್ಕಿನ್ಸ್ ಅವರು ಎಂದೂ ಬಿಡುವು ಕೊಡದೆ ಅಭ್ಯಾಸವನ್ನು ಕಾಪಾಡಿಕೊಂಡವರು. ಅವರೂ 2016ರಲ್ಲಿ 51ನೆಯ ವಯಸ್ಸಿನ ಕೊನೆಯ ಪಂದ್ಯದಲ್ಲಿ ಗುದ್ದು ತಿಂದು ಹಗ್ಗಗಳ ನಡುವಿನಿಂದ ಕಣದ ಹೊರಗೆ ಬಿದ್ದರು.

ಮೈಕ್ ಟೈಸನ್ ಅವರು 58ನೆಯ ವಯಸ್ಸಿನಲ್ಲಿ, 2024ರ ನವೆಂಬರಿನಲ್ಲಿ, 27 ವರ್ಷದ ಜೇಕ್ ಪಾಲ್ ಅವರೊಡನೆ ಆಡಿದ ಪಂದ್ಯವು ಇನ್ನೂ ಸ್ಪಷ್ಟವಾದ ಪಾಠ. ಸುತ್ತು ಒಂದಕ್ಕೆ 2 ನಿಮಿಷಗಳಂತೆ 8 ಸುತ್ತುಗಳು, ಒಟ್ಟು 16 ನಿಮಿಷಗಳು. ಅಷ್ಟು ಕಾಲದಲ್ಲಿ ಟೈಸನ್ ಅವರು ಬೀಸಿದ ಗುದ್ದುಗಳು 97. ನಿಮಿಷಕ್ಕೆ ಆರು ಮಾತ್ರ. ಅವುಗಳಲ್ಲಿ ತಾಗಿದುವು 18. ಎದುರಾಳಿಯು ಬೀಸಿದುವು 278, ತಾಗಿದುವು 78. ತಮ್ಮ ಕಾಲದಲ್ಲಿ ಅತ್ಯಂತ ಭಯಂಕರನೆನಿಸಿದ್ದ ಮಲ್ಲನ ಗತಿಯೇ ಹೀಗಾದರೆ, ಯೌವನವನ್ನು ಕ್ಯಾಮರಾದ ಮುಂದೆ ಕಳೆದವನು ಏನನ್ನು ನಿರೀಕ್ಷಿಸಬಹುದು?

ಕಾಣದ ಗಾಯ

ಇದುವರೆಗೆ ಹೇಳಿದುದು ಸೋಲು ಗೆಲುವಿನ ಮಾತು. ಸೋತರೆ ಮರ್ಯಾದೆ ಹೋದೀತು, ಅಷ್ಟೆ. ಇದಕ್ಕಿಂತ ಗುರುತರವಾದ ವಿಷಯ ಮಿದುಳಿನದು.

ಮನುಷ್ಯನ ಮಿದುಳಿನ ತೂಕ ಸುಮಾರು 1,400 ಗ್ರಾಂ. ಅದು ಮೃದುವಾದ ಪದಾರ್ಥ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವಂತೆ ಇರುತ್ತದೆ. ಬ್ರೂನೋ ಅವರಂಥವರ ಗುದ್ದು ತಲೆಗೆ ಕೊಡುವ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ 53ರಷ್ಟು ಎಂದು ಮೇಲಿನ ಪ್ರಯೋಗದಿಂದ ಲೆಕ್ಕಹಾಕಲಾಗಿತ್ತು. ಬುರುಡೆಯು ಥಟ್ಟನೆ ಚಲಿಸಿದಾಗ ಮಿದುಳು ಜಡತ್ವದಿಂದ ಹಿಂದುಳಿಯುತ್ತದೆ. ದವಡೆಗೆ ಪಕ್ಕದಿಂದ ಬಿದ್ದ ಗುದ್ದು ತಲೆಯನ್ನು ಕೊರಳಿನ ಮೇಲೆ ಗರ್ರನೆ ತಿರುಗಿಸುತ್ತದೆ. ಈ ತಿರುಗುವ ಚಲನೆಯೇ ಅಪಾಯಕಾರಿಯೆಂಬುದನ್ನು 1943ರಲ್ಲಿ ತೋರಿಸಿಕೊಟ್ಟವನು ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್. ಅವನು ಜಿಲಾಟಿನ್ನಿನಿಂದ ಮಿದುಳಿನ ಮಾದರಿಯನ್ನು ಮಾಡಿ, ತಿರುಗಿಸಿದಾಗ ಅದರ ಭಾಗಗಳು ಒಂದರ ಮೇಲೊಂದು ಜರುಗಿ ಹಿಂಜುವುದನ್ನು ಪರೀಕ್ಷಿಸಿದನು. ಮಿದುಳಿನಲ್ಲಿ ಹೀಗೆ ಹಿಂಜಲ್ಪಡುವುವು ಕೂದಲಿಗಿಂತಲೂ ಎಷ್ಟೋ ಸೂಕ್ಷ್ಮವಾದ ನರತಂತುಗಳು.

ಒಂದು ಗುದ್ದಿನಿಂದ ಪ್ರಜ್ಞೆ ತಪ್ಪಿದರೆ ಎಲ್ಲರಿಗೂ ಕಾಣುತ್ತದೆ. ಪ್ರಜ್ಞೆ ತಪ್ಪಿಸದ ಗುದ್ದುಗಳ ಪರಿಣಾಮವು ಕಾಣುವುದಿಲ್ಲ. ಅದು ಒಳಗೆ ಸಂಚಯವಾಗುತ್ತದೆ. ಶಹಾಬಾದಿನ ಹಾಸುಗಲ್ಲಿನ ಗಣಿಗಳಲ್ಲಿ ಕಲ್ಲನ್ನು ಸೀಳುವ ಕೆಲಸಗಾರನು ಒಂದೇ ಏಟಿಗೆ ಬಲವನ್ನೆಲ್ಲ ಹಾಕುವುದಿಲ್ಲ. ಉಳಿಯನ್ನು ಒಂದು ಗೆರೆಯ ಉದ್ದಕ್ಕೂ ಸರಿಸುತ್ತ ಮೆಲ್ಲನೆ ಬಡಿಯುತ್ತ ಹೋಗುತ್ತಾನೆ. ಬಹು ಹೊತ್ತಿನವರೆಗೆ ಕಲ್ಲು ಇದ್ದಂತೆಯೇ ತೋರುತ್ತದೆ. ಆಮೇಲೆ ಸಾಧಾರಣವಾದ ಒಂದು ಏಟಿಗೆ ಅದು ಸೀಳುತ್ತದೆ. ಸೀಳಿದುದು ಕೊನೆಯ ಏಟೊಂದೇ ಎಂದು ಹೇಳುವುದು ಸರಿಯೆ?

ಮಿದುಳಿನ ಇಂಥ ಸಂಚಿತ ಹಾನಿಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್ಲೆಂಡ್ 1928ರಲ್ಲಿಯೇ ವರ್ಣಿಸಿದ್ದನು. ಹಳೆಯ ಮಲ್ಲರ ನಡಿಗೆ ತಡವರಿಸುವುದು, ಮಾತು ತೊದಲುವುದು, ನೆನಪು ಅಳಿಯುವುದು ಇವು ಅದರ ಲಕ್ಷಣಗಳು. 1969ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ನಿವೃತ್ತರಾದ 224 ವೃತ್ತಿಮಲ್ಲರನ್ನು ಪರೀಕ್ಷಿಸಿದಾಗ ನೂರಕ್ಕೆ 17ರಷ್ಟು ಮಂದಿಯಲ್ಲಿ ನರಮಂಡಲದ ಹಾನಿ ಕಂಡುಬಂದಿತು. 1973ರಲ್ಲಿ ಕೊರ್ಸೆಲಿಸ್ ಎಂಬ ವೈದ್ಯನೂ ಅವನ ಸಹಕಾರಿಗಳೂ 15 ಮಂದಿ ಮೃತ ಮಲ್ಲರ ಮಿದುಳುಗಳನ್ನು ಪರೀಕ್ಷಿಸಿ ಈ ಹಾನಿಯ ಸ್ವರೂಪವನ್ನು ವಿವರಿಸಿದರು. ನರತಂತುಗಳು ಒಮ್ಮೆ ನಷ್ಟವಾದರೆ ಅವುಗಳನ್ನು ಮರಳಿ ಕೊಡುವ ಚಿಕಿತ್ಸೆ ಇಂದಿಗೂ ಇಲ್ಲ.

ವಯಸ್ಸು ಈ ಅಪಾಯವನ್ನು ಹೆಚ್ಚಿಸುತ್ತದೆ. ಮುಪ್ಪಿನ ಕಡೆಗೆ ಸರಿದಂತೆ ಮಿದುಳು ತುಸುತುಸುವೇ ಕುಗ್ಗುತ್ತದೆ. ಅದಕ್ಕೂ ಬುರುಡೆಗೂ ನಡುವಿನ ಅವಕಾಶವು ಹಿಗ್ಗುತ್ತದೆ. ಆ ಅವಕಾಶವನ್ನು ದಾಟಿ ಹೋಗುವ ಸಣ್ಣ ರಕ್ತನಾಳಗಳು ಬಿಗಿದ ದಾರಗಳಂತೆ ಎಳೆದುಕೊಂಡಿರುತ್ತವೆ. ತಲೆ ಥಟ್ಟನೆ ತಿರುಗಿದಾಗ ಅವು ಹರಿದು ಒಳಗೆ ರಕ್ತವು ಸೋರಬಹುದು. ಮುಷ್ಟಿಯುದ್ಧದ ಕಣದಲ್ಲಿ ಸಂಭವಿಸುವ ಮರಣಗಳಿಗೆ ಇಂಥ ರಕ್ತಸ್ರಾವವೇ ಮುಖ್ಯ ಕಾರಣ.

ಈಗ ರೂರ್ಕ್ ಅವರ ಸಂಗತಿಗೆ ಮರಳೋಣ. ಎಂಟು ಪಂದ್ಯಗಳ ಅವಧಿಯಲ್ಲಿ ಅವರ ಮೂಗು ಮುರಿಯಿತು, ಪಕ್ಕೆಲುಬುಗಳು ಮುರಿದುವು, ನಾಲಗೆ ಸೀಳಿತು, ಕೆನ್ನೆಯೆಲುಬು ಕುಸಿಯಿತು. ಇವು ಮಾಯುವ ಗಾಯಗಳು. ಇವಲ್ಲದೆ ಹೊಸ ಸಂಗತಿಗಳನ್ನು ನೆನಪಿಡುವ ಶಕ್ತಿಯೂ ಕುಂದಿತು. ಹದಿಹರೆಯದಲ್ಲಿಯೇ ತಲೆಗೆ ಪೆಟ್ಟು ತಿಂದಿದ್ದವರು ಅವರು. ಕಲ್ಲಿನ ಮೇಲೆ ಗೆರೆಯು ಮೊದಲೇ ಬಿದ್ದಿದ್ದಿತು. ಸೋಲಿಲ್ಲದ ಮಲ್ಲನು ಕಣವನ್ನು ಬಿಟ್ಟುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ವಯಸ್ಸಿನ ಕಟ್ಟಳೆ

ಕಾಳಗಕ್ಕೆ ಕಟ್ಟಳೆ ಬೇಕೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಕಲ್ಯಾಣದಿಂದ, ಎಂದರೆ ನಮ್ಮ ನೆರೆಯ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವುಂಟು. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸಿದೆ. ಮೈಸೂರಿನ ದಸರೆಯಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗವು ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕ್ಷಣದಲ್ಲಿಯೇ ನಿಲ್ಲುತ್ತದೆ. ಆಧುನಿಕ ಮುಷ್ಟಿಯುದ್ಧದ ತೊಡಕೆಂದರೆ ಒಳಗಿನ ಗಾಯಕ್ಕೆ ಇಂಥ ಕೆಂಪು ಗುರುತು ಇಲ್ಲದಿರುವುದು.

ಒಲಿಂಪಿಕ್ ಪದ್ಧತಿಯ ಮುಷ್ಟಿಯುದ್ಧದಲ್ಲಿ 40 ವರ್ಷಕ್ಕೆ ಮೇಲ್ಪಟ್ಟವರಿಗೆ ಅವಕಾಶವಿಲ್ಲ. ಆರು ಸಲ ವಿಶ್ವಪದವಿಯನ್ನು ಗೆದ್ದ ನಮ್ಮ ಮೇರಿ ಕೋಮ್ ಅವರು ತಮಗೆ ಇನ್ನೂ ಆಡುವ ಆಸೆಯಿದ್ದರೂ ಈ ನಿಯಮವು ಅಡ್ಡವಾಗಿದೆಯೆಂದು 2024ರಲ್ಲಿ ಹೇಳಿದರು. ವೃತ್ತಿ ಮುಷ್ಟಿಯುದ್ಧದಲ್ಲಿ ಎಲ್ಲರಿಗೂ ಅನ್ವಯಿಸುವ ಇಂಥ ಒಂದೇ ಮಿತಿಯಿಲ್ಲ. ಆಯಾ ರಾಜ್ಯದ ಅಧಿಕಾರಿಗಳು ವೈದ್ಯಪರೀಕ್ಷೆ ಮಾಡಿಸಿ ಅನುಮತಿ ಕೊಡುತ್ತಾರೆ. ಆದ್ದರಿಂದಲೇ ರೂರ್ಕ್ ಅವರು ಇಪ್ಪತ್ತು ವರ್ಷಗಳ ಬಳಿಕ, 2014ರ ನವೆಂಬರ್ 28ರಂದು ಮಾಸ್ಕೋ ನಗರದಲ್ಲಿ, 62ನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಪ್ರದರ್ಶನ ಪಂದ್ಯವೊಂದಕ್ಕೆ ಇಳಿಯಲು ಸಾಧ್ಯವಾಯಿತು. ಎದುರಾಳಿಗೆ 29 ವರ್ಷ. ಎರಡನೆಯ ಸುತ್ತಿನಲ್ಲಿಯೇ ರೂರ್ಕ್ ಅವರು ಗೆದ್ದರು! ಸುದ್ದಿಯನ್ನು ಇಷ್ಟಕ್ಕೇ ಓದಿದವರು ವಯಸ್ಸು ಒಂದು ಭ್ರಮೆಯೆಂದು ನಂಬಿಯಾರು. ಆ ಎದುರಾಳಿಯು ಅದಕ್ಕೆ ಮುಂಚೆ ಗೆದ್ದಿದ್ದ ವೃತ್ತಿ ಪಂದ್ಯ ಒಂದು, ಸೋತಿದ್ದುವು ಒಂಬತ್ತು ಎಂಬುದನ್ನು ಸೇರಿಸಿ ಓದಿದರೆ ಆ ಗೆಲುವಿನ ಬೆಲೆ ತಿಳಿಯುತ್ತದೆ.

ಫಲಿತಾಂಶ

ನಡುವಯಸ್ಸಿನ ನಟನು ವೃತ್ತಿ ಮುಷ್ಟಿಯುದ್ಧಕ್ಕೆ ಇಳಿದರೆ ಪಂದ್ಯಗಳನ್ನು ಗೆಲ್ಲಬಹುದು. ಎದುರಾಳಿಗಳನ್ನು ನೋಡಿ ಆರಿಸಿದರೆ ಸೋಲದೆಯೂ ಇರಬಹುದು. ಅವನ ಧೈರ್ಯವನ್ನು ಅಲ್ಲಗಳೆಯುವಂತಿಲ್ಲ. ರೂರ್ಕ್ ಅವರು ತಿಂದ ಪೆಟ್ಟುಗಳಲ್ಲಿ ನಟನೆ ಇರಲಿಲ್ಲ. ಆದರೆ ವಿಶ್ವಪದವಿಯವರೆಗೆ ಏರುವ ಭವಿಷ್ಯವು ಅವನಿಗೆ ಇಲ್ಲವೆಂದೇ ಹೇಳಬೇಕು. ಅದಕ್ಕೆ ಬೇಕಾದ ಊಹಾಶಕ್ತಿಯನ್ನು ಗಳಿಸುವ ವರ್ಷಗಳು ಕಳೆದುಹೋಗಿರುತ್ತವೆ, ಚುರುಕು ಇಳಿಯುತ್ತಿರುತ್ತದೆ, ಆಡುವ ಪ್ರತಿ ಪಂದ್ಯಕ್ಕೂ ಮಿದುಳಿನಿಂದ ಸಲ್ಲಿಸಬೇಕಾದ ಸುಂಕವು ಏರುತ್ತಿರುತ್ತದೆ. ರೂರ್ಕ್ ಅವರು ಕಣವನ್ನು ಬಿಟ್ಟು ಚಿತ್ರರಂಗಕ್ಕೆ ಮರಳಿದ್ದರಿಂದಲೇ 2008ರ 'ದಿ ರೆಸ್ಲರ್' ಚಿತ್ರದಲ್ಲಿ, ಕಣವನ್ನು ಬಿಡಲಾರದ ಮುದಿ ಮಲ್ಲನ ಪಾತ್ರವನ್ನು ಅಭಿನಯಿಸಿ, ಆಸ್ಕರ್ ಪ್ರಶಸ್ತಿಯ ಸ್ಪರ್ಧೆಗೆ ನಾಮಕರಣಗೊಂಡರು.

ಈ ಲೆಕ್ಕವು ದೂರದ ನಟನೊಬ್ಬನಿಗೆ ಮಾತ್ರ ಸಂಬಂಧಿಸಿದುದಲ್ಲ. ಚಿಂಚೋಳಿಯ ಹುಡುಗನು ಕಬಡ್ಡಿಯಲ್ಲಿ ತಲೆ ಕೆಳಗಾಗಿ ಬಿದ್ದಾಗಲೂ, ಸೇಡಂನ ಹುಡುಗಿಯ ತಲೆಗೆ ಕ್ರಿಕೆಟ್ ಚೆಂಡು ಬಡಿದಾಗಲೂ ಮಿದುಳು ಅದೇ ನಿಯಮಕ್ಕೆ ಒಳಪಟ್ಟಿದೆ. ತಲೆಗೆ ಪೆಟ್ಟು ಬಿದ್ದ ಆಟಗಾರನಿಗೆ ಕಣ್ಣು ಕತ್ತಲೆಗಟ್ಟಿದರೆ, ತಲೆನೋವೊ ವಾಂತಿಯೊ ಕಾಣಿಸಿಕೊಂಡರೆ, ಈಗತಾನೆ ನಡೆದುದು ಮರೆತುಹೋದರೆ, ಅವನನ್ನು ಆ ದಿನ ಮತ್ತೆ ಆಟಕ್ಕೆ ಬಿಡಬಾರದು, ವೈದ್ಯರಿಗೆ ತೋರಿಸಬೇಕು. ತಾನು ಚೆನ್ನಾಗಿದ್ದೇನೆಂದು ಆಟಗಾರನು ಎಷ್ಟು ಹೇಳಿದರೂ ಅದನ್ನು ಪ್ರಮಾಣವಾಗಿ ತೆಗೆದುಕೊಳ್ಳಲಾಗದು. ಹಾಗೆ ಹೇಳುವ ಅಂಗವೂ ಪೆಟ್ಟು ತಿಂದ ಅಂಗವೂ ಒಂದೇ ಆಗಿವೆ.